ಹೊಗೆ ಹಾಕುವ ಮೊದಲು ಸೊಳ್ಳೆಯ ಜೀನ್ ನೋಡಿ

ನಮಸ್ಕಾರ. ಮಳೆ ಶುರುವಾದರೆ ಸಾಕು, ಹೊಗೆ ಹಾಕಿಸಿ ಎಂದು ಊರೂರಲ್ಲಿ ಬೇಡಿಕೆ ಏಳುತ್ತದೆ. ದಾವಣಗೆರೆಯೂ ಅದಕ್ಕೆ ಹೊರತಲ್ಲ. ಆ ಹೊಗೆಗೆ ನಮ್ಮೂರಿನ ಸೊಳ್ಳೆ ಸಾಯುತ್ತದೆಯೇ? ಇವತ್ತು ನಾನು ಕೇಳುತ್ತಿರುವುದು ಇದನ್ನೇ.

ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯ ಜೀನೋಮ್, ಅಂದರೆ ಅದರ ಎಲ್ಲ ಜೀನ್‌ಗಳ ಪೂರ್ಣ ನಕ್ಷೆ, 2007ರಲ್ಲೇ ಪ್ರಕಟವಾಯಿತು. ಈ ಸೊಳ್ಳೆ ನಮ್ಮ ವಾಸನೆ ಹಿಡಿಯಲು ಯಾವ ಜೀನ್‌ಗಳು ಬೇಕು ಎಂಬುದು ತಿಳಿದಿದೆ. ಮರಿಯನ್ನು ಗಂಡಾಗಿಸುವ 'ನಿಕ್ಸ್' ಜೀನ್ 2015ರಲ್ಲಿ ಸಿಕ್ಕಿತು. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ ಎಂಬುದನ್ನು ನೆನೆದರೆ ಇದು ದೊಡ್ಡ ಸಂಗತಿ.

ಆದರೆ ನಮ್ಮ ಜಿಲ್ಲೆಗಳಿಗೆ ಈಗಲೇ ಬೇಕಾದ ಜೀನ್ ಬೇರೆಯದು. ಸೊಳ್ಳೆಬತ್ತಿಯಲ್ಲಿ, ಔಷಧ ಲೇಪಿಸಿದ ಪರದೆಯಲ್ಲಿ, ಫಾಗಿಂಗ್‌ನ ಕೆಲವು ಔಷಧಗಳಲ್ಲಿ ಇರುವುದು ಪೈರೆಥ್ರಾಯ್ಡ್ ಎಂಬ ಬಗೆಯ ಕೀಟನಾಶಕ. ಅದು ಸೊಳ್ಳೆಯ ನರಕೋಶದೊಳಗೆ ಸೋಡಿಯಂ ಬಿಡುವ ಬಾಗಿಲಿಗೆ ಅಂಟಿ, ಬಾಗಿಲು ಮುಚ್ಚದಂತೆ ಮಾಡುತ್ತದೆ. ನರ ಕೆರಳಿ ಸೊಳ್ಳೆ ಉರುಳುತ್ತದೆ. ಆ ಬಾಗಿಲನ್ನು ರೂಪಿಸುವ ಜೀನ್‌ನ ಕೆಲವು ಜಾಗಗಳಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಔಷಧದ ಹಿಡಿತ ಸಡಿಲವಾಗುತ್ತದೆ. ಹೊಗೆಯಲ್ಲಿ ಸಾಯದೆ ಉಳಿದ ಸೊಳ್ಳೆಯೇ ಮೊಟ್ಟೆಯಿಡುತ್ತದೆ, ಮರಿಗಳಿಗೂ ಅದೇ ಜೀನ್ ದಾಟುತ್ತದೆ. ದೆಹಲಿಯ ಈಡಿಸ್‌ನಲ್ಲಿ ಇಂಥ ಬದಲಾವಣೆ 2015ರಲ್ಲೇ ವರದಿಯಾಗಿದೆ.

ದೆಹಲಿಯ ಫಲಿತಾಂಶವನ್ನು ತಂದು ಇಲ್ಲಿಗೆ ಅಂಟಿಸಲಾಗದು. ಚಿತ್ರದುರ್ಗದ ಕಡೆ ನೀರಿಗೆ ಬರ, ಡ್ರಮ್ಮು ತೊಟ್ಟಿಗಳಲ್ಲಿ ತುಂಬಿಟ್ಟುಕೊಳ್ಳದೆ ಗತಿಯಿಲ್ಲ. ಚನ್ನಗಿರಿಯ ತೋಟಗಳಲ್ಲಿ ಬಿದ್ದ ಅಡಿಕೆ ಹಾಳೆಯಲ್ಲೇ ಮಳೆನೀರು ನಿಲ್ಲುತ್ತದೆ. ಒಂದೊಂದು ಕಡೆ ಒಂದೊಂದು ಔಷಧ ಬಿದ್ದಿರುತ್ತದೆ, ಸೊಳ್ಳೆಯೂ ಅದಕ್ಕೆ ತಕ್ಕಂತೆ ಬದಲಾಗಿರುತ್ತದೆ. (ನೀರು ಕೂಡಿಟ್ಟ ಹೆಂಗಸರನ್ನು ಗದರುವ ಅಧಿಕಾರಿಗಳ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ನಲ್ಲಿಯಲ್ಲಿ ದಿನವೂ ನೀರು ಬಂದರೆ ಯಾರು ತಾನೇ ಕೂಡಿಡುತ್ತಾರೆ?)

ಜೀನ್‌ನ ಈ ಬದಲಾವಣೆಯ ಪತ್ತೆಗೆ ಬೇಕಾದದ್ದು ಪಿಸಿಆರ್, ಅಂದರೆ ಜೀನ್‌ನ ತುಣುಕನ್ನು ನಕಲು ಮಾಡಿ ನೋಡುವ ಪರೀಕ್ಷೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಕಲಿತ ಪದ ಅದು. ಹಿಡಿದ ಸೊಳ್ಳೆಗಳನ್ನು ಔಷಧದ ಎದುರು ಬಿಟ್ಟು ಎಷ್ಟು ಸತ್ತವು ಎಂದು ಎಣಿಸುವ ಪರೀಕ್ಷೆಯನ್ನೂ ಜೊತೆಗೇ ಮಾಡಬೇಕು, ಏಕೆಂದರೆ ಔಷಧವನ್ನು ಒಡೆದುಹಾಕುವ ಬೇರೆ ಜೀನ್‌ಗಳೂ ಇವೆ.

ಆದ್ದರಿಂದ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲಾಡಳಿತಗಳಿಗೆ ನನ್ನ ಒತ್ತಾಯ ಇದು: ಮುಂಗಾರಿಗೆ ಮೊದಲೇ ತಾಲ್ಲೂಕುವಾರು ಸೊಳ್ಳೆ ಹಿಡಿಸಿ ಪರೀಕ್ಷೆಗೆ ಕಳುಹಿಸಿ. ಫಲಿತಾಂಶ ಕೈಗೆ ಬಂದ ಮೇಲೆ ಔಷಧದ ಟೆಂಡರ್ ಕರೆಯಿರಿ. ಪೈರೆಥ್ರಾಯ್ಡ್ ನಾಟದ ಕಡೆ ಆ ದುಡ್ಡನ್ನು ಲಾರ್ವಾ ನಾಶಕ್ಕೆ, ತೊಟ್ಟಿಗಳ ಮುಚ್ಚಳಕ್ಕೆ ಕೊಡಿ.