ಆ ಮೇಜಿನಲ್ಲಿ ಖಾಲಿ ಉಳಿಯುವ ಕುರ್ಚಿ

ಕೇಳುಗರಿಗೆ ನಮಸ್ಕಾರ.

ಸ್ತನ ಕ್ಯಾನ್ಸರ್ ಸಂಘಟನೆಗಳ ಸಭೆಗಳಲ್ಲಿ ಕಾಯಿಲೆ ಗುಣವಾಗಿ ಹತ್ತು, ಹದಿನೈದು ವರ್ಷ ಕಳೆದವರು ಸಾಲುಸಾಲಾಗಿ ಸಿಗುತ್ತಾರೆ. ಹಣ ಕೂಡಿಸಲು, ಭಾಷಣ ಮಾಡಲು, ಸಚಿವರ ಮುಂದೆ ಮನವಿ ಹಿಡಿದು ನಿಲ್ಲಲು ಅವರೇ ಮುಂದಾಗುತ್ತಾರೆ. ಮೇದೋಜೀರಕ, ಅಂದರೆ ಪ್ಯಾಂಕ್ರಿಯಾಸ್ ಗ್ರಂಥಿಯ ಕ್ಯಾನ್ಸರಿನ ಸಂಸ್ಥೆಗಳಿಗೆ ಆ ಭಾಗ್ಯವಿಲ್ಲ. ಬ್ರಿಟನ್ನಿನಲ್ಲಿ ವರ್ಷಕ್ಕೆ 10,000ಕ್ಕೂ ಹೆಚ್ಚು ಜನರಲ್ಲಿ ಈ ಕಾಯಿಲೆ ಪತ್ತೆಯಾಗುತ್ತದೆ. ಅವರಲ್ಲಿ ಐದು ವರ್ಷ ದಾಟುವವರು ನೂರಕ್ಕೆ ಹತ್ತು ಮಂದಿಯೂ ಇಲ್ಲ. ಹಾಗಿದ್ದ ಮೇಲೆ ಇದರ ಹೆಸರಿನಲ್ಲಿ ಸಂಸ್ಥೆ ಕಟ್ಟಿ ನಡೆಸುವವರು ಯಾರು?

ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡನ್ನೇ ನೋಡೋಣ. ಜನಸಂಖ್ಯೆ ಸುಮಾರು 19 ಲಕ್ಷ. ನಮ್ಮ ಲೆಕ್ಕದಲ್ಲಿ ಒಂದು ಜಿಲ್ಲೆ ಅನ್ನಿ. ಸರ್ಕಾರಿ ಆರೋಗ್ಯ ಸೇವೆ ಐದು ಟ್ರಸ್ಟುಗಳಾಗಿ, ಅಂದರೆ ಐದು ಪ್ರಾದೇಶಿಕ ಆಡಳಿತಗಳಾಗಿ ಹಂಚಿಹೋಗಿದೆ. ಆದರೆ ಮೇದೋಜೀರಕದ ದೊಡ್ಡ ಶಸ್ತ್ರಚಿಕಿತ್ಸೆಗೆ ಎಲ್ಲರೂ ಬರಬೇಕಾದದ್ದು ರಾಜಧಾನಿ ಬೆಲ್‌ಫಾಸ್ಟಿನ ಕ್ರಮ್ಲಿನ್ ರಸ್ತೆಯಲ್ಲಿರುವ ಮೇಟರ್ ಆಸ್ಪತ್ರೆಗೆ. 1883ರಲ್ಲಿ ಸಿಸ್ಟರ್ಸ್ ಆಫ್ ಮರ್ಸಿ ಎಂಬ ಕ್ರೈಸ್ತ ಸನ್ಯಾಸಿನಿಯರು ಶುರುಮಾಡಿದ ಆಸ್ಪತ್ರೆ ಅದು. ಪಶ್ಚಿಮದ ಎನಿಸ್ಕಿಲನ್ ಊರಿನವರಿಗೆ ಅಲ್ಲಿಗೆ 130 ಕಿಲೋಮೀಟರ್ ದಾರಿ, ಹೆಚ್ಚುಕಮ್ಮಿ ಬೆಂಗಳೂರಿನಿಂದ ಮೈಸೂರಿಗೆ ಹೋದ ಹಾಗೆ. ಕಾಯಿಲೆ ಪತ್ತೆಯಾಗುವುದು ಒಂದು ಊರಿನಲ್ಲಿ, ಸ್ಕ್ಯಾನ್ ನೋಡಿ ತೀರ್ಮಾನ ಆಗುವುದು ಇನ್ನೊಂದು ಊರಿನಲ್ಲಿ, ಮನೆಗೆ ಮರಳಿದ ಮೇಲಿನ ಆರೈಕೆ ಮತ್ತೆ ಮೊದಲಿನ ಊರಿನಲ್ಲಿ. ಈ ಮೂರರ ನಡುವಿನ ಸಂದಿಯಲ್ಲೇ ಪ್ರಾದೇಶಿಕ ಸಂಸ್ಥೆಗೆ ಕೆಲಸ ಹುಟ್ಟುವುದು. ಲಂಡನ್ನಿನಲ್ಲಿ ಕೂತ ದೊಡ್ಡ ಸಂಸ್ಥೆಗೆ ಈ ಸಂದಿ ಕಾಣುವುದಿಲ್ಲ.

ಉತ್ತರ ಐರ್ಲೆಂಡಿನಲ್ಲಿ ಈ ಕೆಲಸಕ್ಕೆಂದೇ ಇರುವ ಸಂಸ್ಥೆಯ ಹೆಸರು ನಿಪ್ಯಾಂಕ್. ಅದರ ಪರವಾಗಿ ಸಾರ್ವಜನಿಕವಾಗಿ ಮಾತಾಡುತ್ತ ಬಂದವರಲ್ಲಿ ಇಬ್ಬರನ್ನು ಗಮನಿಸಬೇಕು. ಒಬ್ಬರು ಮಾರ್ಕ್ ಟೇಲರ್, ಮೇಟರ್ ಆಸ್ಪತ್ರೆಯಲ್ಲಿ ಈ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು. ಇನ್ನೊಬ್ಬರು ಐವನ್ ಮೆಕ್‌ಮಿನ್. ಇದೇ ಕಾಯಿಲೆಯಿಂದ ಬದುಕುಳಿದು ಸಂಸ್ಥೆಯ ಅಧ್ಯಕ್ಷತೆ ಹೊತ್ತವರು. ಒಬ್ಬರು ಕತ್ತರಿ ಹಿಡಿದವರು, ಇನ್ನೊಬ್ಬರು ಮೇಜಿನ ಮೇಲೆ ಮಲಗಿ ಎದ್ದವರು. ಇಂಥ ಸಂಸ್ಥೆಗಳ ಮುಂದಾಳುಗಳು ಸಾಮಾನ್ಯವಾಗಿ ಬರುವುದು ಮೂರು ಕಡೆಯಿಂದ. ಆ ಎರಡು ಕಡೆಗಳ ಜೊತೆಗೆ ಮೂರನೆಯದು, ಮನೆಯವರನ್ನು ಕಳೆದುಕೊಂಡವರು: ಹೆಂಡತಿ, ಗಂಡ, ಮಗಳು, ತಮ್ಮ. ಸಂಖ್ಯೆಯಲ್ಲಿ ಇವರೇ ಜಾಸ್ತಿ ಇರುತ್ತಾರೆ.

ಈ ಜೋಡಣೆಯಲ್ಲಿ ಬಲ ಇದೆ, ಅದರ ಬೆನ್ನಿಗೇ ಒಂದು ಓರೆಯೂ ಇದೆ. ಬದುಕುಳಿದವರು ಬಹುಪಾಲು ಶಸ್ತ್ರಚಿಕಿತ್ಸೆ ಆದವರು. ಮೇದೋಜೀರಕದ ತಲೆಭಾಗದಲ್ಲಿ ಗಡ್ಡೆ ಇದ್ದರೆ ಮಾಡುವುದು ವಿಪಲ್ ಶಸ್ತ್ರಚಿಕಿತ್ಸೆ. 1935ರಲ್ಲಿ ಅದನ್ನು ಪ್ರಕಟಿಸಿದ ಅಮೆರಿಕದ ಅಲನ್ ವಿಪಲ್ ಅವರ ಹೆಸರೇ ಅದಕ್ಕೆ ಉಳಿಯಿತು. ಗ್ರಂಥಿಯ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ತುದಿ, ಕೆಲವೊಮ್ಮೆ ಹೊಟ್ಟೆಯ ಒಂದು ಪಾಲನ್ನೂ ತೆಗೆದು, ಉಳಿದ ಗ್ರಂಥಿ, ಪಿತ್ತನಾಳ, ಹೊಟ್ಟೆ ಈ ಮೂರನ್ನೂ ಕರುಳಿಗೆ ಹೊಲಿಯಬೇಕು. ಗಂಟೆಗಟ್ಟಲೆ ನಡೆಯುವ ಕೆಲಸ. ಆದರೆ ಪತ್ತೆಯಾಗುವ ಹೊತ್ತಿಗೆ ಈ ಚಿಕಿತ್ಸೆಗೆ ಒದಗುವವರು ಐವರಲ್ಲಿ ಒಬ್ಬರು, ಅದೂ ಹೆಚ್ಚೆಂದರೆ. ಮಿಕ್ಕ ನಾಲ್ವರ ಪರವಾಗಿ ಸಂಸ್ಥೆಯ ಸಭೆಯ ಮೇಜಿನ ಮುಂದೆ ಕೂರಲು ಜನ ಸಿಗುವುದಿಲ್ಲ. ಅವರಿಗೆ ಆರೋಗ್ಯ ಇರುವುದಿಲ್ಲ, ಬಹಳ ಸಲ ಸಮಯವೂ ಇರುವುದಿಲ್ಲ. ಖಾಲಿ ಕುರ್ಚಿ ಅಂದದ್ದು ಇದಕ್ಕೆ.

ಕುರ್ಚಿ ಖಾಲಿ ಇದ್ದರೆ ಆಗುವುದೇನು? ಕಾರ್ಯಸೂಚಿ ಶಸ್ತ್ರಚಿಕಿತ್ಸೆಯ ಕಡೆಗೇ ವಾಲುತ್ತದೆ. ಬೇಗ ಪತ್ತೆ, ಬೇಗ ಆಪರೇಷನ್, ಸಂಶೋಧನೆಗೆ ಹಣ. ಇವೆಲ್ಲ ಬೇಕಾದವೇ. ಆದರೆ ಕಟ್ಟಿಕೊಂಡ ಪಿತ್ತನಾಳವನ್ನು ತೆರೆದಿಡುವ ಸ್ಟೆಂಟ್ ಎಂಬ ಸಣ್ಣ ಕೊಳವೆ, ಬೆನ್ನಿಗೆ ಇರಿಯುವ ನೋವಿಗೆ ನರವನ್ನು ಮರಗಟ್ಟಿಸುವ ಚುಚ್ಚುಮದ್ದು, ಊಟ ಅರಗಿಸುವ ಕಿಣ್ವದ ಕ್ಯಾಪ್ಸೂಲು, ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವ ಉಪಶಮನ ಆರೈಕೆಯ (ನೋವು, ಸಂಕಟ ತಗ್ಗಿಸುವ ಆರೈಕೆಯ) ನರ್ಸು, ಇವು ಪಟ್ಟಿಯ ಕೆಳಕ್ಕೆ ಸರಿಯುತ್ತವೆ. ಯಾರ ದುರುದ್ದೇಶವೂ ಇಲ್ಲ. ಕೂತವರು ಕಂಡದ್ದನ್ನೇ ಹೇಳುತ್ತಾರೆ, ಅಷ್ಟೆ. ಇದಕ್ಕೆ ಉಪಾಯ ಎಂದರೆ ಕನಿಷ್ಠ ಒಬ್ಬ ಉಪಶಮನ ಆರೈಕೆಯ ವೈದ್ಯರನ್ನೋ ನರ್ಸನ್ನೋ, ಒಬ್ಬ ಆಹಾರ ತಜ್ಞರನ್ನೋ ಸಂಸ್ಥೆಯನ್ನು ನಡೆಸುವ ಟ್ರಸ್ಟಿಗಳಾಗಿ ತೆಗೆದುಕೊಳ್ಳುವುದು. ಸಲಹೆಗಾರರು ಅಂತ ಹೆಸರು ಕೊಟ್ಟು ವರ್ಷಕ್ಕೊಮ್ಮೆ ಕರೆದು ಚಹಾ ಕುಡಿಸಿ ಕಳಿಸಿದರೆ ಸಾಲದು, ಮತ ಇರಬೇಕು.

ಇನ್ನು ವೈದ್ಯ ಟ್ರಸ್ಟಿಗಳ ವಿಚಾರ. ಅವರಿಲ್ಲದೆ ಇಂಥ ಸಂಸ್ಥೆ ಹುಟ್ಟುವುದೇ ಕಷ್ಟ. ಆದರೆ ಸಂಸ್ಥೆಯ ಹಣ ಅವರದೇ ವಿಭಾಗಕ್ಕೆ ಹೋಗುವ ಪ್ರಸ್ತಾವ ಬಂದಾಗ ಕ್ರಮ ಬಿಗಿಯಾಗಿರಬೇಕು. ಸಭೆಯ ಆರಂಭದಲ್ಲೇ ತಮ್ಮ ಹಿತಾಸಕ್ತಿಯನ್ನು ಹೇಳಬೇಕು. ಪ್ರಶ್ನೆಗಳಿಗೆ ಉತ್ತರಿಸಬೇಕು. ಆಮೇಲೆ ಕೋಣೆಯಿಂದ ಹೊರಗೆ ಹೋಗಬೇಕು. ಮತಕ್ಕೆ ಬರಬಾರದು. ಹೋದ ಹೊತ್ತು, ಮರಳಿದ ಹೊತ್ತು ಎರಡೂ ನಡಾವಳಿಯಲ್ಲಿ ದಾಖಲಾಗಬೇಕು. ಸಣ್ಣ ಸಂಸ್ಥೆಗಳಲ್ಲಿ ತಪ್ಪುವುದು ಹೊರಗೆ ಹೋಗುವ ಹೆಜ್ಜೆ. ಡಾಕ್ಟರಿಗೆ ಹೊರಗೆ ಹೋಗಿ ಅನ್ನಲು ಸಂಕೋಚ. ಅಧ್ಯಕ್ಷರೇ ಎದ್ದು ಬಾಗಿಲು ತೆಗೆದರೆ ಸಂಕೋಚ ಅಲ್ಲಿಗೇ ಮುಗಿಯುತ್ತದೆ.

ಮನೆಯವರನ್ನು ಕಳೆದುಕೊಂಡವರು ತರುವುದು ದುಡಿಮೆ ಮತ್ತು ಹಣ. ಆ ಹಣ ಷರತ್ತು ಹೊತ್ತು ಬರುತ್ತದೆ. ಒಂದು ಕುಟುಂಬ ತಂದೆಯ ನೆನಪಿಗೆ ನಡಿಗೆ ಏರ್ಪಡಿಸಿ, ಭಿತ್ತಿಪತ್ರದಲ್ಲಿ ‘ಸಂಶೋಧನೆಗಾಗಿ’ ಎಂದು ಹಾಕಿ, 2,400 ಪೌಂಡು ತಂದುಕೊಟ್ಟಿತು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಆ 2,400 ಪೌಂಡನ್ನು ಕರಪತ್ರ ಅಚ್ಚು ಹಾಕಿಸಲು ಬಳಸುವ ಹಾಗಿಲ್ಲ, ಕಚೇರಿ ಬಾಡಿಗೆಗಂತೂ ಇಲ್ಲವೇ ಇಲ್ಲ. ಖಜಾಂಚಿ ಅದನ್ನು ಬೇರೆ ಅಂಕಣದಲ್ಲಿ ಇಟ್ಟು, ಖರ್ಚಾಗುವವರೆಗೆ ವರ್ಷದಿಂದ ವರ್ಷಕ್ಕೆ ಹೊತ್ತು ತರಬೇಕು. ಬ್ಯಾಂಕಿನಲ್ಲಿ 40,000 ಪೌಂಡು ಇದ್ದೂ ದೂರವಾಣಿ ಬಿಲ್ಲು ಕಟ್ಟಲಾಗದ ವಿಚಿತ್ರ ಸ್ಥಿತಿ ಬರುವುದು ಹೀಗೆ. ಭಿತ್ತಿಪತ್ರ ಅಚ್ಚಿಗೆ ಹೋಗುವ ಮೊದಲು ಆ ಒಂದು ಸಾಲನ್ನು ‘ಸಂಸ್ಥೆಯ ಕೆಲಸಗಳಿಗಾಗಿ’ ಎಂದು ತಿದ್ದಿಸುವ ಖಜಾಂಚಿ ಚಿನ್ನದಂಥವರು.

ಕಾನೂನಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಉತ್ತರ ಐರ್ಲೆಂಡಿನಲ್ಲಿ ದತ್ತಿ ಸಂಸ್ಥೆಗಳ ಮೇಲ್ವಿಚಾರಣೆಗೆ 2008ರ ಕಾಯ್ದೆಯಂತೆ ಚಾರಿಟಿ ಕಮಿಷನ್ ಇದೆ. ಆರ್ಥಿಕ ವರ್ಷ ಮುಗಿದ ಹತ್ತು ತಿಂಗಳೊಳಗೆ ವಾರ್ಷಿಕ ವಿವರ ಸಲ್ಲಿಸಬೇಕು. ಆದಾಯ 5 ಲಕ್ಷ ಪೌಂಡು ದಾಟಿದರೆ ಪೂರ್ಣ ಆಡಿಟ್, ಅದಕ್ಕಿಂತ ಕಡಿಮೆ ಇದ್ದರೆ ಸ್ವತಂತ್ರ ಪರಿಶೀಲಕರ ವರದಿ ಸಾಕು.

ಈ ಕಮಿಷನ್ನಿನ ಕತೆಯಲ್ಲೇ ಒಂದು ಸ್ವಾರಸ್ಯ ಇದೆ. 2019ರಲ್ಲಿ ಬೆಲ್‌ಫಾಸ್ಟಿನ ಹೈಕೋರ್ಟು, ಕಮಿಷನ್ನಿನ ಸಿಬ್ಬಂದಿ ತಾವೇ ಕೈಗೊಂಡ ನಿರ್ಧಾರಗಳಿಗೆ ಕಾನೂನಿನ ಬಲವಿಲ್ಲ, ಕಾಯ್ದೆ ಅಧಿಕಾರ ಕೊಟ್ಟದ್ದು ಕಮಿಷನರುಗಳಿಗೆ ಮಾತ್ರ ಎಂದಿತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಸಾವಿರಾರು ಸಂಸ್ಥೆಗಳ ನೋಂದಣಿ ತೂಗುಯ್ಯಾಲೆಗೆ ಬಿತ್ತು. ಅದನ್ನು ಸರಿಪಡಿಸಲು 2022ರಲ್ಲಿ ಹೊಸ ಕಾಯ್ದೆಯೇ ಬೇಕಾಯಿತು. ಯಾರಿಗೆ ಯಾವ ಅಧಿಕಾರ ಅಂತ ಬರೆದಿಡದಿದ್ದರೆ ಮೇಲ್ವಿಚಾರಣೆ ಮಾಡುವವರೂ ಎಡವುತ್ತಾರೆ. ಹಾಗಾಗಿ ಒಬ್ಬರೇ ಉದ್ಯೋಗಿ ಇರುವ ಸಂಸ್ಥೆಯಲ್ಲೂ ಒಂದು ಪುಟದ ಅಧಿಕಾರ ಪತ್ರ ಇರಲಿ: ಎಷ್ಟು ಪೌಂಡಿನವರೆಗೆ ವ್ಯವಸ್ಥಾಪಕರು ಸಹಿ ಹಾಕಬಹುದು, ಎಷ್ಟರ ಮೇಲೆ ಇಬ್ಬರು ಟ್ರಸ್ಟಿಗಳು ಬೇಕು, ಪತ್ರಿಕೆಯವರ ಜೊತೆ ಯಾರು ಮಾತಾಡಬೇಕು.

ಪತ್ರಿಕೆ ಅಂದಾಗ ನವೆಂಬರ್ ನೆನಪಾಗುತ್ತದೆ. ಆ ತಿಂಗಳ ಮೂರನೇ ಗುರುವಾರ ವಿಶ್ವ ಮೇದೋಜೀರಕ ಕ್ಯಾನ್ಸರ್ ದಿನ. ಕಟ್ಟಡಗಳಿಗೆ ನೇರಳೆ ಬಣ್ಣದ ದೀಪ ಹಾಕುತ್ತಾರೆ. ದೀಪ ಚೆಂದ, ಫೋಟೋ ಚೆಂದ. ಆದರೆ ದೀಪ ನೋಡಿದವರಿಗೆ ಲಕ್ಷಣ ಏನು ಅಂತ ಗೊತ್ತಾಗುವುದಿಲ್ಲ. ಮುಂದಾಳುಗಳ ನಿಜವಾದ ಪರೀಕ್ಷೆ ಕರಪತ್ರದ ಆರು ಸಾಲುಗಳಲ್ಲಿದೆ. ಕಣ್ಣು, ಚರ್ಮ ಹಳದಿಯಾಗುವುದು, ಮೂತ್ರ ಗಾಢವಾಗಿ ಮೈ ತುರಿಸುವುದು. ಬಿಳಿಚಿದ, ಜಿಡ್ಡು ಜಿಡ್ಡಾದ, ತೇಲುವ ಮಲ. ಮೇಲು ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹೋಗುವ, ಮುಂದಕ್ಕೆ ಬಾಗಿದರೆ ತುಸು ಕಡಿಮೆಯಾಗುವ ನೋವು. ಪ್ರಯತ್ನವಿಲ್ಲದೆ ತೂಕ ಇಳಿಯುವುದು. ಅಜೀರ್ಣ, ಹಸಿವಿಲ್ಲದಿರುವುದು. ತೂಕ ಇಳಿಯುತ್ತಿರುವಾಗಲೇ ಹೊಸದಾಗಿ ಬಂದ ಸಕ್ಕರೆ ಕಾಯಿಲೆ.

ಈ ಕೊನೆಯ ಸಾಲು ಮುಖ್ಯ. ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಎಂಬ ಸರ್ಕಾರಿ ಸಂಸ್ಥೆ ಇಂಗ್ಲೆಂಡಿಗಾಗಿ ಬರೆದದ್ದರಲ್ಲಿ, 60 ದಾಟಿದವರ ತೂಕ ಇಳಿದು ಜೊತೆಗೆ ಹೊಟ್ಟೆನೋವು, ಬೆನ್ನುನೋವು, ಭೇದಿ, ಮಲಬದ್ಧತೆ, ವಾಕರಿಕೆ, ವಾಂತಿ, ಹೊಸ ಮಧುಮೇಹ ಇವುಗಳಲ್ಲಿ ಒಂದಾದರೂ ಇದ್ದರೆ ಎರಡು ವಾರದೊಳಗೆ ಸಿ.ಟಿ. ಸ್ಕ್ಯಾನ್ ಮಾಡಿಸುವುದನ್ನು ವೈದ್ಯರು ಪರಿಗಣಿಸಬೇಕು ಎಂದಿದೆ. 40 ದಾಟಿದವರಿಗೆ ಕಾಮಾಲೆ ಕಂಡರೆ ತುರ್ತಾಗಿ ಕಳಿಸಬೇಕು ಎಂದೂ ಇದೆ. ಕಾಮಾಲೆ ಎಂದ ಕೂಡಲೇ ನಮ್ಮ ಕಡೆ ನೆನಪಾಗುವುದು ನಾಟಿ ಔಷಧಿ ಮತ್ತು ಪಥ್ಯ. ನೋವಿಲ್ಲದೆ ಬಂದ ಕಾಮಾಲೆಗೆ ಮೂರು ವಾರ ಪಥ್ಯ ಮಾಡಿದರೆ ಕಳೆದುಹೋಗುವುದು ಆಪರೇಷನ್ ಮಾಡಬಹುದಾಗಿದ್ದ ಮೂರು ವಾರವೇ ಇರಬಹುದು. ಕನ್ನಡದಲ್ಲಿ ಇಂಥ ಕರಪತ್ರ ಬರೆಯುವವರು ಮೊದಲ ಸಾಲನ್ನು ಇದಕ್ಕೇ ಮೀಸಲಿಡಲಿ.

ಆಸ್ಪತ್ರೆ ಸೇರಿದ ಮೇಲೂ ದಿನಗಳು ಸೋರುತ್ತವೆ. ಹಳದಿ ಕಂಡ ಕೂಡಲೇ ಸ್ಟೆಂಟ್ ಹಾಕಿ, ಇಳಿದ ಮೇಲೆ ಆಪರೇಷನ್ ಮಾಡುವ ವಾಡಿಕೆ ಬಹಳ ಕಾಲ ಇತ್ತು. 2018ರ ನೈಸ್ ಮಾರ್ಗಸೂಚಿ ಬೇರೆ ಮಾತು ಹೇಳಿತು: ಪಿತ್ತನಾಳಕ್ಕೆ ಕೈ ಹಾಕುವ ಮೊದಲು ಮೇದೋಜೀರಕಕ್ಕೆಂದೇ ಹೊಂದಿಸಿದ ಸಿ.ಟಿ. ಮಾಡಿ, ರೋಗಿ ಗಟ್ಟಿಯಾಗಿದ್ದು ಗಡ್ಡೆ ತೆಗೆಯಬಹುದಾಗಿದ್ದರೆ ಸ್ಟೆಂಟ್ ಬಿಟ್ಟು ನೇರ ಆಪರೇಷನ್ನಿಗೆ ಹೋಗಿ. ಸ್ಟೆಂಟ್ ಹಾಕುವಾಗ ಗ್ರಂಥಿ ಊದಿಕೊಳ್ಳಬಹುದು, ಸೋಂಕಾಗಬಹುದು, ಆಗ ಆಪರೇಷನ್ ಇನ್ನೂ ಮುಂದಕ್ಕೆ ಹೋಗುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ ಈ ನೇರ ದಾರಿ ಹಿಡಿದಾಗ ಸ್ಕ್ಯಾನಿನಿಂದ ಆಪರೇಷನ್‌ವರೆಗಿನ ಕಾಲ 65 ದಿನದಿಂದ 16 ದಿನಕ್ಕೆ ಇಳಿಯಿತು. ಹೊಸ ಯಂತ್ರ ತಂದದ್ದಲ್ಲ, ಸಾಲಿನ ಕ್ರಮ ಬದಲಿಸಿದ್ದು. ಸಂಸ್ಥೆಯ ಅಧ್ಯಕ್ಷರು ಆರೋಗ್ಯ ಇಲಾಖೆಗೆ ಹೋಗುವಾಗ ಕೈಯಲ್ಲಿ ಹಿಡಿಯಬೇಕಾದ್ದು ಇಂಥ ಅಂಕಿ. ‘ದಯವಿಟ್ಟು ಗಮನ ಕೊಡಿ’ ಎಂಬ ಮನವಿ ಕಡತದಲ್ಲಿ ಮಲಗುತ್ತದೆ. ‘ನಮ್ಮಲ್ಲಿ ಎಷ್ಟು ದಿನ?’ ಎಂಬ ಪ್ರಶ್ನೆಗೆ ಯಾರಾದರೂ ಉತ್ತರ ಬರೆಯಲೇಬೇಕು.

ಕೊನೆಗೆ ಕ್ಯಾಪ್ಸೂಲಿಗೆ ಬರುತ್ತೇನೆ, ಖಾಲಿ ಕುರ್ಚಿಯವರ ವಿಷಯ ಅದು. ಗ್ರಂಥಿ ಕೆಲಸ ನಿಲ್ಲಿಸಿದರೆ ತಿಂದ ಕೊಬ್ಬು ಅರಗುವುದಿಲ್ಲ. ಕ್ಯಾನ್ಸರಿನಿಂದ ಸೊರಗಿದರು ಎಂದು ನಾವು ಅಂದುಕೊಳ್ಳುವ ರೋಗಿಗಳಲ್ಲಿ ಹಲವರು ಅರ್ಧ ಸೊರಗಿರುವುದು ಊಟ ಮೈಗೆ ಹತ್ತದೆ. ಆಪರೇಷನ್ ಆಗದವರಿಗೂ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್ ಕೊಡಬೇಕೆಂದು ಅದೇ 2018ರ ಮಾರ್ಗಸೂಚಿ ಹೇಳುತ್ತದೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಊಟಕ್ಕೆ 50,000 ಯೂನಿಟ್, ತಿಂಡಿಗೆ ಅಥವಾ ಹಾಲಿಗೆ 25,000 ಯೂನಿಟ್‌ನಿಂದ ಶುರುಮಾಡಿ ವೈದ್ಯರ ಸಲಹೆಯಂತೆ ಏರಿಸುತ್ತಾರೆ. ಮೊದಲ ತುತ್ತಿನ ಜೊತೆ ನುಂಗಬೇಕು. ಊಟ ನಿಧಾನವಾದರೆ ಒಂದನ್ನು ನಡುವೆ. ಊಟ ಮುಗಿಸಿ ಕೈ ತೊಳೆದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಬಿಸಿ ಕಾಫಿಯ ಜೊತೆ ನುಂಗಿದರೆ ಕಿಣ್ವ ಕೆಡುತ್ತದೆ, ತಣ್ಣೀರೇ ಸರಿ. ನುಂಗಲಾಗದವರು ಕ್ಯಾಪ್ಸೂಲ್ ಬಿಚ್ಚಿ ಒಳಗಿನ ಕಾಳುಗಳನ್ನು ಒಂದು ಚಮಚ ಜಾಮಿನಲ್ಲಿ ಕಲಸಿ, ಅಗಿಯದೆ ನುಂಗಿ, ಬಾಯಿ ಮುಕ್ಕಳಿಸಬೇಕು. ಬಾಟಲಿಯನ್ನು 25 ಡಿಗ್ರಿ ಮೀರದ ಕಡೆ ಇಡಬೇಕು ಎಂದು ಬರೆದಿರುತ್ತದೆ. ಬೆಲ್‌ಫಾಸ್ಟಿನಲ್ಲಿ ಅದು ದೊಡ್ಡ ಮಾತಲ್ಲ. ಬಳ್ಳಾರಿಯ ಏಪ್ರಿಲ್ ತಿಂಗಳಿಗೆ ದೊಡ್ಡ ಮಾತು. ಇದು ಹಂದಿಯ ಮೇದೋಜೀರಕದಿಂದ ತೆಗೆದದ್ದು ಎಂಬುದನ್ನೂ ಮುಚ್ಚಿಡಬಾರದು. ಮೊದಲೇ ಹೇಳಿ, ಯೋಚಿಸಲು ಮನೆಯವರಿಗೆ ಬಿಡಬೇಕು. ಆಮೇಲೆ ಗೊತ್ತಾಗಿ ಕೋಪದಲ್ಲಿ ನಿಲ್ಲಿಸಿಬಿಟ್ಟರೆ ನಷ್ಟ ರೋಗಿಯದೇ.

ಇಷ್ಟನ್ನೂ ಒಂದು ಹಾಳೆಯ ಎರಡು ಬದಿಯಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಬಹುದು. ಕೆಳಗೆ ಎರಡು ಬೆರಳಗಲ ಖಾಲಿ ಜಾಗ ಬಿಡಿ. ವಾರ್ಡಿನ ನರ್ಸ್ ತನ್ನ ದೂರವಾಣಿ ಸಂಖ್ಯೆಯನ್ನು ಪೆನ್ನಿನಲ್ಲಿ ಬರೆದುಕೊಡಲು. ಅಚ್ಚಾದ ಸಂಖ್ಯೆ ವರ್ಷಕ್ಕೊಮ್ಮೆ ಬದಲಾಗುತ್ತದೆ, ಕರಪತ್ರ ಮನೆಯಲ್ಲಿ ಉಳಿಯುತ್ತದೆ.

ನಮಸ್ಕಾರ.