ಏಳು ಜನರಲ್ಲಿ ಒಬ್ಬ

ನಮಸ್ಕಾರ. ಬೆಂಗಳೂರಿನ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಹನ್ನೆರಡು ವರ್ಷ ದುಡಿದಿದ್ದೇನೆ. 2020ರ ಲಾಕ್‌ಡೌನ್ ಹೊತ್ತಿಗೆ ಶಿರಸಿ ಹತ್ತಿರದ ಊರಿಗೆ ಮರಳಿ, ಮನೆಯ ಮೆತ್ತಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅದೇ ಕೆಲಸವನ್ನು ಇನ್ನೆರಡು ವರ್ಷ ಮಾಡಿ, ಆಮೇಲೆ ಬಿಟ್ಟೆ. ಕಂಪನಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅಪ್ಪನ ಹೃದಯದ ಶಸ್ತ್ರಚಿಕಿತ್ಸೆಯ ಖರ್ಚು ಭರಿಸಿದ್ದು ಆ ಕಂಪನಿ ಮಾಡಿಸಿದ್ದ ವಿಮೆ. ಕೊಳೆರೋಗಕ್ಕೆ ಅಡಿಕೆಯೆಲ್ಲ ಉದುರಿದ ವರ್ಷ ಸೊಸೈಟಿ ಸಾಲದ ಕಂತು ಕಟ್ಟಿದ್ದು ಅಲ್ಲಿಯ ಸಂಬಳ. ನಾನು ಹೇಳಬೇಕಾದದ್ದು ಒಂದೇ ಸಂಗತಿ: ಅಲ್ಲಿ ಮನುಷ್ಯನ ದುಡಿಮೆಗೆ ಬೆಲೆ ಕಟ್ಟುವ ಬಗೆ.

ಕೊನೆಯ ಮೂರು ವರ್ಷ ನಾನು ಏಳು ಜನರ ತಂಡವೊಂದಕ್ಕೆ ಮ್ಯಾನೇಜರ್ ಆಗಿದ್ದೆ. ಒಂದು ವರ್ಷ ಅಪ್ರೈಸಲ್, ಅಂದರೆ ವರ್ಷದ ಕೆಲಸಕ್ಕೆ ದರ್ಜೆ ಕೊಡುವ ಸಮಯದಲ್ಲಿ, ಎಕ್ಸೆಲ್ ಹಾಳೆಯೊಂದು ಬಂತು. ಎಡಗಡೆ ಏಳು ಹೆಸರುಗಳು, ಪಕ್ಕದಲ್ಲಿ ರೇಟಿಂಗ್ ತುಂಬುವ ಮನೆಗಳು, ತಳದಲ್ಲಿ ಯಾವ ರೇಟಿಂಗ್ ಎಷ್ಟು ಜನರಿಗೆ ಎಂಬ ಲೆಕ್ಕ. ಕೆಳಗಿನ ದರ್ಜೆಯ ಎದುರು ‘1’ ಎಂದು ಮೊದಲೇ ಬರೆದಿತ್ತು. ನಾನು ಯಾರನ್ನೂ ಅಲ್ಲಿಗೆ ಹಾಕದೆ ಏಳೂ ಮನೆಗಳನ್ನು ತುಂಬಿದಾಗ ಆ ಚೌಕ ಕೆಂಪಾಯಿತು. ಮೇಲಿನವರನ್ನು ಕೇಳಿದೆ, ಅವರು ತಮ್ಮ ಮೇಲಿನವರತ್ತ ಕೈ ತೋರಿಸಿದರು, ಅವರು, ಇದು ಸಿಸ್ಟಮ್‌ನಲ್ಲೇ ಇರುವುದು, ತಾವು ಮಾಡಿದ್ದಲ್ಲ ಎಂದರು. ಎರಡು ದಿನ ಆ ಕೆಂಪು ಚೌಕವನ್ನು ನೋಡುತ್ತ ಕುಳಿತು, ಕೊನೆಗೆ ಹೊನ್ನಾವರ ಕಡೆಯ ಹುಡುಗನೊಬ್ಬನ ಹೆಸರಿನ ಮುಂದೆ ಆ ರೇಟಿಂಗ್ ಹಾಕಿದೆ. ಅವನು ತಾಯಿಯ ಕಾಯಿಲೆಗೆಂದು ಒಂದು ತಿಂಗಳು ರಜೆ ಹಾಕಿದ್ದ. ಅದಕ್ಕಿಂತ ಮುಖ್ಯವಾಗಿ, ಅವನು ಎದುರು ಮಾತನಾಡುವವನಲ್ಲ ಎಂಬುದು ನನಗೆ ಗೊತ್ತಿತ್ತು. ಫೋನಿನಲ್ಲಿ ವಿಷಯ ತಿಳಿಸಿದಾಗ ಅವನು ಕೇಳಿದ್ದು ಇಷ್ಟೇ: “ಎಲ್ಲಿ ತಪ್ಪಾಯ್ತು ಅಂತ ಬರೆದು ಕೊಡ್ತೀರಾ ಸರ್? ಸರಿ ಮಾಡ್ಕೊಳ್ತೇನೆ.” ಬರೆದು ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ಇದನ್ನು ಬೆಲ್ ಕರ್ವ್ ಎನ್ನುತ್ತಾರೆ: ಮೇಲೆ ಕೆಲವರು, ಕೆಳಗೆ ಕೆಲವರು, ನಡುವೆ ಹೆಚ್ಚಿನವರು ಎಂದು ಗಂಟೆಯಾಕಾರದಲ್ಲಿ ಜನರನ್ನು ಹಂಚುವುದು. 1980ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥ ಜ್ಯಾಕ್ ವೆಲ್ಚ್ ಈ ಪದ್ಧತಿಗೆ ಹೆಸರು ತಂದುಕೊಟ್ಟರು. ಕೆಳಗಿನ ಶೇಕಡಾ 10ರಷ್ಟು ಜನರನ್ನು ಪ್ರತಿವರ್ಷ ಗುರುತಿಸಬೇಕೆಂಬುದು ಅವರ ನಿಲುವು. ಇದಕ್ಕೂ ಕಾರಣಗಳಿವೆ. ಸಂಬಳ ಏರಿಕೆಗೆ ಇಟ್ಟ ಹಣ ಸೀಮಿತ, ಕೈ ಬಿಗಿ ಮಾಡದ ಮ್ಯಾನೇಜರ್ ಎಲ್ಲರಿಗೂ ಒಳ್ಳೆಯ ರೇಟಿಂಗನ್ನೇ ಕೊಡುತ್ತಾನೆ. ಆದರೆ ಹತ್ತು ಸಾವಿರ ಜನರ ನಡುವೆ ತಾನಾಗಿ ಕಾಣಿಸಬಹುದಾದ ಏರಿಳಿತವನ್ನು ಏಳು ಜನರ ತಂಡದಲ್ಲಿ ಬಲವಂತವಾಗಿ ಮೂಡಿಸಹೊರಟರೆ ಅದು ಅಳತೆಯಾಗುವುದಿಲ್ಲ, ಮೊದಲೇ ಬರೆದಿಟ್ಟ ಉತ್ತರಕ್ಕೆ ಒಬ್ಬ ಮನುಷ್ಯನನ್ನು ಹುಡುಕಿದಂತಾಗುತ್ತದೆ. ಮೈಕ್ರೋಸಾಫ್ಟ್ ಇಂಥ ಶ್ರೇಣೀಕರಣವನ್ನು 2013ರ ನವೆಂಬರಿನಲ್ಲಿ ಕೈಬಿಟ್ಟಿತು. ಅಂದಮೇಲೆ ಇದಿಲ್ಲದೆ ದೊಡ್ಡ ಕಂಪನಿ ನಡೆಯುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ದರ್ಜೆ ಕಟ್ಟುವುದು ನಮ್ಮ ಕಡೆಯವರಿಗೆ ಹೊಸತೇನಲ್ಲ. ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು ಎಂದು ಅಡಿಕೆಯನ್ನು ಆರಿಸುತ್ತಲೇ ನಾವು ಬೆಳೆದವರು. ಆದರೆ ಒಳ್ಳೆಯ ಚಾಲಿಯ ಏಳು ಚೀಲ ಒಯ್ದರೆ ಅದರಲ್ಲೊಂದನ್ನು ಕೆಳದರ್ಜೆಯ ಗೋಟು ಎಂದು ಬರೆಯಲೇಬೇಕೆಂಬ ನಿಯಮ ಶಿರಸಿಯ ಯಾವ ವಖಾರಿಯಲ್ಲೂ ಇಲ್ಲ. ಅಡಿಕೆ ಎದುರಿಗೇ ಇರುತ್ತದೆ, ವ್ಯಾಪಾರಿ ಕೈಯಲ್ಲಿ ಹಿಡಿದು ನೋಡಿ ಟೆಂಡರ್ ಬರೆಯುತ್ತಾನೆ, ದರ ಒಪ್ಪಿಗೆಯಾಗದಿದ್ದರೆ ಬೆಳೆಗಾರ ಕೊಡುವುದಿಲ್ಲ. 1923ರಲ್ಲಿ ಇಲ್ಲಿಯ ತೋಟಿಗರು ಸೇರಿ ತಮ್ಮದೇ ಮಾರಾಟ ಸೊಸೈಟಿ ಕಟ್ಟಿಕೊಂಡದ್ದರಿಂದ, ಬೆಲೆಯ ವಿಷಯದಲ್ಲಿ ಅವರಿಗೂ ಒಂದು ಮಾತು ಆಡುವ ಜಾಗ ಸಿಕ್ಕಿತು. ಇಪ್ಪತ್ತೊಂದನೆಯ ಶತಮಾನದ ಎಂಜಿನಿಯರನಿಗೆ ಆ ಜಾಗ ಇಲ್ಲದಿರುವುದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಕಾನೂನು ಒಂದು ಸಣ್ಣ ಬಾಗಿಲನ್ನಂತೂ ತೆರೆದಿಟ್ಟಿತ್ತು. ಕೆಲಸದ ನಿಯಮಗಳನ್ನು ಮಾಲೀಕರು ಬರೆದಿಡಬೇಕೆನ್ನುವ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕರ್ನಾಟಕ ಸರ್ಕಾರ 2014ರಲ್ಲಿ ವಿನಾಯಿತಿ ಕೊಟ್ಟಾಗ, ಆಡಳಿತ ಮತ್ತು ನೌಕರರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿಯೊಂದು ಇರಬೇಕೆಂಬ ಷರತ್ತು ಹಾಕಿತ್ತು. ಅಂಥದ್ದೊಂದಿದೆ ಎಂದು ಅಷ್ಟು ವರ್ಷಗಳಲ್ಲಿ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಕೆಲಸದಲ್ಲಿರುವವರು ಮೊದಲು ಕೇಳಬೇಕಾದದ್ದು ಅದನ್ನೇ. ಜೊತೆಗೆ, ಕಡಿಮೆ ರೇಟಿಂಗ್ ಕೊಟ್ಟವರು ಕಾರಣವನ್ನು ಬರೆದು, ಕೆಳಗೆ ತಮ್ಮ ಹೆಸರು ಹಾಕಬೇಕು. ‘ಸಿಸ್ಟಮ್’ ಎಂಬುದು ಸಹಿ ಅಲ್ಲ.

ಹೊನ್ನಾವರದ ಆ ಹುಡುಗ ಮುಂದಿನ ವರ್ಷ ಬೇರೆ ಕಂಪನಿಗೆ ಹೋದ. ಇದನ್ನು ಅವನು ಕೇಳುತ್ತಿದ್ದರೆ, ಅಂದು ಬರೆದು ಕೊಡದಿದ್ದುದನ್ನು ಇಂದು ಹೇಳುತ್ತೇನೆ: ಆ ವರ್ಷ ನಿನ್ನ ಕೆಲಸದಲ್ಲಿ ತಪ್ಪಿರಲಿಲ್ಲ. ನಿನ್ನ ಹೆಸರಿನ ಮುಂದೆ ಅದನ್ನು ತುಂಬಿದವನು ನಾನು.