ಒಂದೇ ಗೆರೆ, ಎರಡು ನ್ಯಾಯ

ಕೇಳುಗರಿಗೆ ನಮಸ್ಕಾರ.

2024ರ ಜೂನ್ 11. ಕತಾರ್‌ನಲ್ಲಿ ಭಾರತಕ್ಕೂ ಕತಾರ್‌ಗೂ ವಿಶ್ವಕಪ್ ಅರ್ಹತಾ ಪಂದ್ಯ. ಗೆದ್ದರೆ ಭಾರತ ಮೂರನೇ ಸುತ್ತಿಗೆ. ಐದು ದಿನ ಮೊದಲಷ್ಟೇ ಸುನಿಲ್ ಛೆಟ್ರಿ ದೇಶದ ತಂಡಕ್ಕೆ ವಿದಾಯ ಹೇಳಿದ್ದರು. ನಾಯಕನ ಪಟ್ಟಿ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ತೋಳಿಗೆ ಬಂದಿತ್ತು. ಇಬ್ಬರೂ ನಮ್ಮ ಬೆಂಗಳೂರು ಎಫ್‌ಸಿಯವರೇ. 37ನೇ ನಿಮಿಷದಲ್ಲಿ ಛಾಂಗ್ಟೆ ಗೋಲು ಹೊಡೆದರು. ಭಾರತ 1–0 ಮುಂದಿತ್ತು.

73ನೇ ನಿಮಿಷ. ಕತಾರ್‌ನ ಯೂಸುಫ್ ಅಯ್ಮನ್ ತಲೆಯಿಂದ ಹೊಡೆದ ಚೆಂಡನ್ನು ಗುರ್‌ಪ್ರೀತ್ ತಡೆದರು. ಚೆಂಡು ಗೋಲ್ ಕಂಬದ ಪಕ್ಕದಲ್ಲಿ ಉರುಳಿ ಗೆರೆ ದಾಟಿ ಹೊರಗೆ ಹೋಯಿತು. ಕಾರ್ನರ್ ಕೊಡುತ್ತಾರೆ ಅಂತ ನಮ್ಮ ಹುಡುಗರು ನಿಂತೇ ಬಿಟ್ಟರು. ಆದರೆ ಕತಾರ್ ಆಟಗಾರನೊಬ್ಬ ಹೊರಗಿದ್ದ ಚೆಂಡನ್ನು ಕಾಲಿನಿಂದ ಒಳಗೆ ಎಳೆದ. ಅಯ್ಮನ್ ಬಲೆಗೆ ತಳ್ಳಿದ. ಗೋಲು! ಭಾರತದವರು ಎಷ್ಟು ವಾದಿಸಿದರೂ ರೆಫ್ರಿ ಮಣಿಯಲಿಲ್ಲ. ಟಿವಿ ಮುಂದೆ ಕುಳಿತವರಿಗೆಲ್ಲ ಚೆಂಡು ಹೊರಗೆ ಹೋಗಿದ್ದು ಕಾಣುತ್ತಿತ್ತು. ರೆಫ್ರಿಗೆ ಮಾತ್ರ ಆ ದೃಶ್ಯ ನೋಡುವ ದಾರಿ ಇರಲಿಲ್ಲ. ಯಾಕೆಂದರೆ ಏಷ್ಯಾದ ಆ ಸುತ್ತಿನ ಪಂದ್ಯಗಳಿಗೆ ವಿಎಆರ್, ಅಂದರೆ ವಿಡಿಯೊ ನೋಡಿ ರೆಫ್ರಿಗೆ ನೆರವಾಗುವ ವ್ಯವಸ್ಥೆ, ಇರಲಿಲ್ಲ. ಪಂದ್ಯ 2–1ರಲ್ಲಿ ಹೋಯಿತು. ವಿಶ್ವಕಪ್ ಕನಸೂ ಹೋಯಿತು.

ಈಗ ಅದೇ ಕತಾರ್, ಅದಕ್ಕೂ ಒಂದೂವರೆ ವರ್ಷ ಹಿಂದೆ. 2022ರ ಡಿಸೆಂಬರ್ 1, ವಿಶ್ವಕಪ್‌ನಲ್ಲಿ ಜಪಾನ್ ಮತ್ತು ಸ್ಪೇನ್. 1–1 ಇದ್ದಾಗ ಜಪಾನಿನ ಮಿತೋಮಾ ಗೆರೆಯ ತನಕ ಓಡಿ, ಜಾರುತ್ತಾ ಚೆಂಡನ್ನು ಹಿಂದಕ್ಕೆ ತಳ್ಳಿದರು. ತನಾಕಾ ಗೋಲು ಮಾಡಿದರು. ಟಿವಿಯಲ್ಲಿ ನೋಡಿದರೆ ಚೆಂಡು ಹೊರಗೆ ಹೋದ ಹಾಗೇ ಇತ್ತು. ಗೆರೆ ಮತ್ತು ಚೆಂಡಿನ ನಡುವೆ ಹಸಿರು ಹುಲ್ಲು ಕಾಣುತ್ತಿತ್ತು ಕೂಡ. ಆದರೂ ವಿಎಆರ್ ಪರಿಶೀಲಿಸಿ ಗೋಲು ಎಂದಿತು.

ಇದು ಹೇಗೆ ಸರಿ? ಚಿತ್ರ ತೋರಿಸಲು ರೇಡಿಯೊದಲ್ಲಿ ಆಗುವುದಿಲ್ಲ. ಹಾಗಾಗಿ ಒಂದು ಕೆಲಸ ಮಾಡಿ. ಒಂದು ತೆಂಗಿನಕಾಯಿಯನ್ನು ಹೊಸ್ತಿಲಿಗೆ ತೀರಾ ಹತ್ತಿರ ಇಟ್ಟು, ನೆತ್ತಿಯ ಮೇಲಿಂದ ನೋಡಿ. ಕಾಯಿ ನೆಲ ಮುಟ್ಟಿರುವ ಜಾಗ ಹೊಸ್ತಿಲ ಆಚೆಗೇ ಇರುತ್ತದೆ. ಆದರೆ ಅದರ ಹೊಟ್ಟೆ ಹೊಸ್ತಿಲ ಮೇಲೆ ಚಾಚಿರುತ್ತದೆ. ಫುಟ್‌ಬಾಲ್ ನಿಯಮ ಹೇಳುವುದು ಇದನ್ನೇ: ಇಡೀ ಚೆಂಡು ಇಡೀ ಗೆರೆಯನ್ನು ದಾಟಬೇಕು. ಚೆಂಡಿನ ಅಗಲ ಸುಮಾರು 22 ಸೆಂಟಿಮೀಟರ್. ಅಂದರೆ ಅದು ನೆಲ ಮುಟ್ಟಿದ ಬಿಂದು ಗೆರೆಯಿಂದ ಹತ್ತು ಸೆಂಟಿಮೀಟರ್ ಆಚೆ ಇದ್ದರೂ ಚೆಂಡು ಇನ್ನೂ ಆಟದಲ್ಲೇ ಇರಬಹುದು. ಮಿತೋಮಾ ಕಾಲ ಬಳಿ ಚೆಂಡಿನ ಅಂಚು ಕೂದಲೆಳೆಯಷ್ಟು ಗೆರೆಯ ಮೇಲಿತ್ತು. ಬರಿಗಣ್ಣಿಗೆ ಅದು ಸಿಗುವ ಮಾತೇ ಅಲ್ಲ. ಆ ಗೋಲು ಇಲ್ಲದಿದ್ದರೆ ಜಪಾನ್ ಬದಲು ಜರ್ಮನಿ ಮುಂದಿನ ಸುತ್ತಿಗೆ ಹೋಗುತ್ತಿತ್ತು.

ಎರಡೂ ಗೋಲ್ ಗೆರೆಯ ಜಗಳವೇ. ಒಂದರಲ್ಲಿ ಕಣ್ಣಿಗೆ ಕಾಣದ ಅಂಚನ್ನೂ ಕ್ಯಾಮೆರಾ ಹಿಡಿಯಿತು. ಇನ್ನೊಂದರಲ್ಲಿ ಎದ್ದು ಕಾಣುವ ತಪ್ಪನ್ನು ಹಿಡಿಯಲು ಯಾರೂ ಇರಲಿಲ್ಲ. ತಂತ್ರಜ್ಞಾನ ಬೇಕೋ ಬೇಡವೋ ಅನ್ನುವ ಚರ್ಚೆ ನನಗೆ ಹಳಸಿದ ಹಾಗೆ ಅನಿಸುತ್ತದೆ. ಅದು ಯಾರಿಗೆ ಸಿಗಬೇಕು, ಯಾವಾಗ ಸಿಗಬೇಕು ಅಂತ ತೀರ್ಮಾನಿಸುವವರು ಯಾರು? ನಾವು ಕೇಳಬೇಕಾದ್ದು ಅದನ್ನು, ಅಲ್ವಾ?

ಫುಟ್‌ಬಾಲ್ ನಿಯಮ ಬರೆಯುವುದು ಫಿಫಾ ಒಂದೇ ಅಲ್ಲ. 1886ರಲ್ಲಿ ಹುಟ್ಟಿದ ಐಎಫ್‌ಎಬಿ ಎಂಬ ಮಂಡಳಿ ಇದೆ. ಅಲ್ಲಿ ಒಟ್ಟು ಎಂಟು ವೋಟು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗೆ ತಲಾ ಒಂದು, ಉಳಿದ ಇಡೀ ಜಗತ್ತಿನ ಪರವಾಗಿ ಫಿಫಾಗೆ ನಾಲ್ಕು. ನಿಯಮ ಬದಲಾಗಲು ಆರು ಬೇಕು. ವೇಲ್ಸ್‌ಗೆ ಸ್ವಂತ ವೋಟು ಇದೆ, ಬ್ರೆಜಿಲ್‌ಗೆ ಇಲ್ಲ!

ಈ ಮಂಡಳಿ 2010ರ ಮಾರ್ಚ್‌ನಲ್ಲಿ ಗೋಲ್ ಗೆರೆ ತಂತ್ರಜ್ಞಾನ ಬೇಡವೇ ಬೇಡ ಎಂದು ಬಾಗಿಲು ಹಾಕಿತು. ನಾಲ್ಕು ತಿಂಗಳೂ ಆಗಿರಲಿಲ್ಲ. ಜೂನ್ 27ರಂದು ವಿಶ್ವಕಪ್‌ನಲ್ಲಿ, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಜರ್ಮನಿ ವಿರುದ್ಧ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು, ಗೆರೆಯ ಒಳಗೆ ಚೆನ್ನಾಗಿಯೇ ಬಿದ್ದು, ಹೊರಗೆ ಚಿಮ್ಮಿತು. ಗೋಲು ಕೊಡಲಿಲ್ಲ. ಅದೇ ದಿನ ಅರ್ಜೆಂಟೀನಾದ ಟೆವೆಜ್ ಮೆಕ್ಸಿಕೊ ವಿರುದ್ಧ ನಿಯಮ ಮೀರಿ ಮುಂದೆ ನಿಂತು, ಅಂದರೆ ಸ್ಪಷ್ಟ ಆಫ್‌ಸೈಡ್‌ನಲ್ಲಿ, ಗೋಲು ಹೊಡೆದರು. ಮೈದಾನದ ದೊಡ್ಡ ಪರದೆಯಲ್ಲಿ ಮರುದೃಶ್ಯವೂ ಬಂತು. ಮೆಕ್ಸಿಕೊದವರು ಬೆರಳು ಮಾಡಿ ತೋರಿಸಿದರು. ಆದರೆ ವಿಡಿಯೊ ನೋಡಿ ತೀರ್ಪು ಬದಲಿಸಲು ನಿಯಮವೇ ಇರಲಿಲ್ಲ. ಆಮೇಲೆ ಫಿಫಾ ಮೊದಲು ಹೇಳಿದ್ದೇನು ಗೊತ್ತೇ? ಇನ್ನು ಇಂಥ ದೃಶ್ಯಗಳನ್ನು ಮೈದಾನದ ಪರದೆಯಲ್ಲಿ ತೋರಿಸದ ಹಾಗೆ ನೋಡಿಕೊಳ್ಳುತ್ತೇವೆ ಎಂದು! ಆಗಿನ ಫಿಫಾ ಅಧ್ಯಕ್ಷ ಬ್ಲಾಟರ್ ಕ್ಷಮೆ ಕೇಳಿ ಚರ್ಚೆಗೆ ಒಪ್ಪಿದರು. ಗೋಲ್ ಗೆರೆ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಗಲು 2012ರ ಜುಲೈ ಬರಬೇಕಾಯಿತು. 2014ರ ಬ್ರೆಜಿಲ್ ವಿಶ್ವಕಪ್‌ನಲ್ಲಿ ಪ್ರತಿ ಮೈದಾನಕ್ಕೆ 14 ಕ್ಯಾಮೆರಾ ಇಟ್ಟರು. ಚೆಂಡು ದಾಟಿದರೆ ಒಂದು ಸೆಕೆಂಡಿನೊಳಗೆ ರೆಫ್ರಿಯ ಕೈಗಡಿಯಾರ ಅದುರುತ್ತದೆ. ವಿಎಆರ್ ನಿಯಮ ಪುಸ್ತಕ ಸೇರಿದ್ದು 2018ರಲ್ಲಿ.

ಯಂತ್ರ ಬಂದ ಮೇಲೆ ಎಲ್ಲ ಸರಿಹೋಯಿತೇ? ಎಲ್ಲಿಂದ! 2023ರ ಸೆಪ್ಟೆಂಬರ್ 30ರ ಕಥೆ ಕೇಳಿ. ಇಂಗ್ಲೆಂಡಿನ ಲೀಗ್‌ನಲ್ಲಿ ಟಾಟನ್‌ಹ್ಯಾಮ್ ಎದುರು ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಗೋಲು ಹೊಡೆದರು. ಸಹಾಯಕ ರೆಫ್ರಿ ಆಫ್‌ಸೈಡ್ ಬಾವುಟ ಎತ್ತಿದರು. ವಿಎಆರ್ ಕೋಣೆಯಲ್ಲಿದ್ದವರು ಗೆರೆ ಎಳೆದು ನೋಡಿದರು. ಡಿಯಾಜ್ ಸರಿಯಾಗಿಯೇ ಇದ್ದರು. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಅಂತ ಇವರು ಅಂದುಕೊಂಡುಬಿಟ್ಟಿದ್ದರು. 'ಪರಿಶೀಲನೆ ಮುಗಿಯಿತು' ಎಂದರು. ರೆಫ್ರಿಗೆ ಅದು ಆಫ್‌ಸೈಡೇ ಸರಿ ಎಂಬಂತೆ ಕೇಳಿಸಿತು. ಆಟ ಮತ್ತೆ ಶುರುವಾಯಿತು. ದೃಶ್ಯಗಳನ್ನು ಓಡಿಸುತ್ತಿದ್ದ ತಂತ್ರಜ್ಞರಿಗೆ ಮೊದಲು ಅನುಮಾನ ಬಂತು. ತಡೆಯಿರಿ ಎಂದರು. ಆದರೆ ಆಟ ಮತ್ತೆ ಶುರುವಾದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ, ಅದೂ ನಿಯಮವೇ. ಕ್ಯಾಮೆರಾ ಸರಿಯಾಗಿತ್ತು, ಗೆರೆ ಸರಿಯಾಗಿತ್ತು, ಕೆಟ್ಟದ್ದು ಮಾತುಕತೆ. ಲಿವರ್‌ಪೂಲ್ 2–1ರಲ್ಲಿ ಸೋತಿತು. ಆ ಧ್ವನಿಮುದ್ರಣ ಬಹಿರಂಗವಾಗಿದ್ದು ಒಂದೇ ಸಮಾಧಾನ.

ಬೆಂಗಳೂರಿನವರು ಈ ಹೊತ್ತಿಗೆ ಕಂಠೀರವದ ಆ ರಾತ್ರಿಯನ್ನು ನೆನಪಿಸಿಕೊಂಡಿರುತ್ತೀರಿ. 2023ರ ಮಾರ್ಚ್ 3. ಹೆಚ್ಚುವರಿ ಸಮಯದಲ್ಲಿ ಛೆಟ್ರಿ ದಿಢೀರನೆ ಹೊಡೆದ ಫ್ರೀ ಕಿಕ್ ಗೋಲಾಯಿತು. ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ನಡೆಯಿತು. ಆಮೇಲೆ ಅವರಿಗೆ 4 ಕೋಟಿ ರೂಪಾಯಿ ದಂಡ. ವಿಎಆರ್ ಇದ್ದಿದ್ದರೆ ಅಂತ ಆಗ ಜಾಸ್ತಿ ಜನ ಹೇಳಿದರು. ನನಗೆ ಹಾಗನಿಸುವುದಿಲ್ಲ. ಸೀಟಿಗೆ ಕಾಯದೆ ಹೊಡೆಯಬಹುದೇ ಎಂಬುದು ಅಲ್ಲಿನ ಜಗಳ. ರೆಫ್ರಿಯ ವಿವೇಚನೆಗೆ ಬಿಟ್ಟ ವಿಷಯ ಅದು. ಯಾವ ಕ್ಯಾಮೆರಾ ಅದನ್ನು ಅಳೆಯುತ್ತದೆ?

ಅಳೆಯಬಹುದಾದದ್ದಕ್ಕಾದರೂ ಎಲ್ಲರಿಗೂ ಅಳತೆ ಸಿಗಲಿ. ದುಡ್ಡಿಲ್ಲ ಎಂಬ ಮಾತು ಮೊದಲಾದರೆ ಒಪ್ಪಬಹುದಿತ್ತು. ಈಗ ಫಿಫಾ ತಾನೇ ಅಗ್ಗದ ದಾರಿಯೊಂದನ್ನು ಪರೀಕ್ಷಿಸಿದೆ. ಹೆಸರು ಫುಟ್‌ಬಾಲ್ ವಿಡಿಯೊ ಸಪೋರ್ಟ್. ಬೇರೆ ಕೋಣೆ ಇಲ್ಲ, ವಿಡಿಯೊ ರೆಫ್ರಿಗಳ ದಂಡು ಇಲ್ಲ. ಇರುವ ಕೆಲವೇ ಕ್ಯಾಮೆರಾಗಳ ದೃಶ್ಯ ಮೈದಾನದ ಅಂಚಿನ ಟಿವಿಗೆ ಬರುತ್ತದೆ. ಕೋಚ್‌ಗೆ ಪಂದ್ಯದಲ್ಲಿ ಎರಡು ಸಲ ಮರುಪರಿಶೀಲನೆ ಕೇಳುವ ಹಕ್ಕು. ಕೇಳಿದಾಗ ರೆಫ್ರಿಯೇ ಓಡಿ ಬಂದು ನೋಡಿ ತೀರ್ಮಾನಿಸುತ್ತಾರೆ. ನಮ್ಮ ಕ್ರಿಕೆಟ್‌ನ ಡಿಆರ್‌ಎಸ್ ಬಲ್ಲವರಿಗೆ ಜಾಸ್ತಿ ವಿವರಿಸಬೇಕಿಲ್ಲ. 2024ರಲ್ಲಿ ಕೊಲಂಬಿಯಾದ 20 ವರ್ಷದೊಳಗಿನ ಮಹಿಳಾ ವಿಶ್ವಕಪ್‌ನಲ್ಲಿ ಇದನ್ನು ಬಳಸಿದರು. ಅರ್ಹತಾ ಪಂದ್ಯಗಳ ಮೊದಲ ಸುತ್ತಿನಿಂದಲೇ ಇದನ್ನು ತನ್ನಿ ಎಂದು ಏಷ್ಯಾದ ಒಕ್ಕೂಟದ ಮುಂದೆ ಪಟ್ಟು ಹಿಡಿಯಲು ನಮ್ಮ ಫೆಡರೇಶನ್‌ಗೆ ಬೇರೆ ಕಾರಣ ಬೇಕಿಲ್ಲ. ನಮ್ಮದೇ ಲೀಗ್ ಐಎಸ್‌ಎಲ್‌ನಲ್ಲಿ ಶುರು ಮಾಡಲು ಅಷ್ಟೂ ದೂರ ಹೋಗಬೇಕಿಲ್ಲ.

ನಮಸ್ಕಾರ.